ಅರ್ಧ ದಿನಕ್ಕೇ ಕುತ್ತಿಗೆ ಹಿಡಿಯುತ್ತದೆ: ತಿರುಗಾಟಕ್ಕೆ ಯಾವ ಕ್ಯಾಮೆರಾ ಬೆಲ್ಟ್ ಒಳ್ಳೆಯದು?

ಬೆಟಗೇರಿ ಹುಡುಗ, ಗದಗ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ನಿಕಾನ್ ಡಿ7500 ಇದೆ, ಅದಕ್ಕೆ 18-140 ಲೆನ್ಸ್. ಎರಡೂ ಸೇರಿ ಸುಮಾರು 1.2 ಕಿಲೋ. ಕೈಯಲ್ಲಿ ಹಿಡಿದಾಗ ಏನೂ ಅನಿಸುವುದಿಲ್ಲ. ಕೊರಳಿಗೆ ಹಾಕಿಕೊಂಡು ಲಕ್ಕುಂಡಿಯಲ್ಲಿ ಗುಡಿಯಿಂದ ಗುಡಿಗೆ ಅಡ್ಡಾಡಿದರೆ ಮಧ್ಯಾಹ್ನದ ಹೊತ್ತಿಗೆ ಕುತ್ತಿಗೆ ಹಿಂದೆ ಉರಿ ಶುರುವಾಗುತ್ತದೆ. ಸಂಜೆಗೆ ತಲೆ ಹೊರಳಿಸುವುದೂ ಕಷ್ಟ. ಈಗ ಇರುವುದು ಕ್ಯಾಮೆರಾ ಜೊತೆ ಡಬ್ಬದಲ್ಲೇ ಬಂದ ಬೆಲ್ಟ್.

ಈ ಚಳಿಗಾಲದಲ್ಲಿ ತಿರುಗಾಟ ಸ್ವಲ್ಪ ಜಾಸ್ತಿ ಇದೆ. ಡಂಬಳ, ಅಣ್ಣಿಗೇರಿ, ಹಾವೇರಿ ಕಡೆ ಗಳಗನಾಥ, ಆಮೇಲೆ ಮಾಗಡಿ ಕೆರೆ. ಒಮ್ಮೆ ಬಸ್ಸು, ಒಮ್ಮೆ ಬೈಕು. ಎರಡು ಸಾವಿರದವರೆಗೆ ಖರ್ಚು ಮಾಡಬಹುದು. ಅಂಗಡಿಯಲ್ಲಿ ಕೇಳಿದರೆ ಅಗಲ ಇರುವುದು, ಮೆತ್ತಗಿರುವುದು ತಗೊಳ್ಳಿ ಅಂತಾರೆ. ಅಷ್ಟಿದ್ದರೆ ಸಾಕಾ? ಮುಂದೆ ದೂರದ ಹಕ್ಕಿ ತೆಗೆಯಲು ಉದ್ದನೆಯ 200-500 ಲೆನ್ಸ್ ತಗೊಳ್ಳುವ ಆಸೆಯೂ ಇದೆ. ಒಂದೇ ಬೆಲ್ಟಿನಲ್ಲಿ ಎರಡೂ ನಡೆಯುತ್ತಾ?

ಕೊಪ್ಪಿಕರ್ ರಸ್ತೆ, ಹುಬ್ಬಳ್ಳಿ

ನಿಯೋಪ್ರೀನ್ ಬೆಲ್ಟ್ ತಗೊಳ್ಳಿ ತಮ್ಮಾ. ಮೆತ್ತಗೆ, ಸ್ವಲ್ಪ ಹಿಗ್ಗುವ ರಬ್ಬರ್ ಥರದ್ದು. ಭಾರ ಕುತ್ತಿಗೆಯ ಮೇಲೆ ಹರಡಿಕೊಳ್ಳುತ್ತದೆ. ನಾನು ಅದನ್ನೇ ಬಳಸುತ್ತಿದ್ದೇನೆ, ಆರಾಮಾಗಿದೆ. ಬಜೆಟ್‌ನೊಳಗೂ ಸಿಗುತ್ತದೆ.

ಬಂಕಾಪುರದ ನವಿಲು, ಹಾವೇರಿ

ಮೇಲಿನವರ ಮಾತನ್ನು ಪೂರ್ತಿ ಒಪ್ಪುವುದಕ್ಕೆ ಆಗುವುದಿಲ್ಲ. ನಿಯೋಪ್ರೀನ್ ಮೆತ್ತಗಿರುವುದು ನಿಜ. ಸಣ್ಣ ಕ್ಯಾಮೆರಾಕ್ಕೆ ಹಿತವಾಗಿಯೂ ಇರುತ್ತದೆ. ಆದರೆ ಭಾರ ಎಲ್ಲಿ ಕೂತಿದೆ ಅನ್ನುವುದು ಬದಲಾಗಲಿಲ್ಲವಲ್ಲ? ಅದು ಇನ್ನೂ ಕುತ್ತಿಗೆಯ ಮೇಲೇ ಇದೆ.

ಕೊರಳಿಗೆ ಹಾಕಿಕೊಂಡ ಕ್ಯಾಮೆರಾ ಎದೆಯ ಮುಂದೆ ತೂಗುತ್ತದೆ. ಅದು ತಲೆಯನ್ನು ಮುಂದಕ್ಕೆ ಎಳೆಯುತ್ತದೆ. ತಲೆ ಬಾಗದ ಹಾಗೆ ಕುತ್ತಿಗೆ ಹಿಂದಿನ ಸ್ನಾಯುಗಳು ಇಡೀ ದಿನ ಹಿಡಿದುಕೊಂಡೇ ಇರಬೇಕು. ಪಟ್ಟಿ ಅಗಲ ಆದರೆ ಚರ್ಮಕ್ಕೆ ಒತ್ತುವುದು ಕಡಿಮೆ ಆಗುತ್ತದೆ, ಉರಿ ಕಡಿಮೆ ಆಗುತ್ತದೆ. ಸ್ನಾಯುವಿನ ಕೆಲಸ ಅಷ್ಟೇ ಇರುತ್ತದೆ. ನಿಮಗೆ ಸಂಜೆ ತಲೆ ಹೊರಳಿಸಲು ಆಗುವುದಿಲ್ಲ ಅಂದಿರಲ್ಲ, ಅದು ಇದೇ. ಇನ್ನೊಂದು, ಹಿಗ್ಗುವ ಪಟ್ಟಿಗೆ 1.2 ಕಿಲೋ ತೂಗಿಬಿಟ್ಟು ಜೋರಾಗಿ ನಡೆಯಿರಿ. ರಬ್ಬರ್ ದಾರಕ್ಕೆ ಕಟ್ಟಿದ ಚೆಂಡಿನ ಹಾಗೆ ಹೆಜ್ಜೆ ಹೆಜ್ಜೆಗೂ ಕುಣಿಯುತ್ತದೆ.

ಅಡ್ಡ ಹಾಕಿಕೊಳ್ಳಿ. ಒಂದು ಹೆಗಲ ಮೇಲಿಂದ ಎದೆಗೆ ಅಡ್ಡವಾಗಿ ಬಂದು ಕ್ಯಾಮೆರಾ ಇನ್ನೊಂದು ಕಡೆಯ ಸೊಂಟದ ಹತ್ತಿರ ಕೂರಬೇಕು. ಆಗ ಭಾರ ಹೆಗಲು, ಬೆನ್ನಿನ ಮೇಲೆ ಹಂಚಿ ಹೋಗುತ್ತದೆ. ಕ್ಯಾಮೆರಾ ಮೈಗೆ ಒರಗಿಕೊಳ್ಳುವುದರಿಂದ ಕುಣಿಯುವುದೂ ಕಡಿಮೆ. ಅಡ್ಡ ಹಾಕುವುದಕ್ಕೆ ಉದ್ದ ಬೇಕು. ಡಬ್ಬದಲ್ಲಿ ಬರುವ ಬೆಲ್ಟ್ ಬಹಳ ಜನಕ್ಕೆ ಸಾಲುವುದಿಲ್ಲ, ದಪ್ಪ ಮೈಯವರಿಗಂತೂ ಎದೆಯ ಮೇಲೇ ನಿಂತುಬಿಡುತ್ತದೆ.

200-500 ವಿಷಯ ಬೇರೆಯೇ. ಅದೊಂದೇ 2.3 ಕಿಲೋ. ಡಿ7500 ಸೇರಿದರೆ ಮೂರು ಕಿಲೋ ದಾಟುತ್ತದೆ. ಅಂಥ ಲೆನ್ಸ್ ಹಾಕಿದಾಗ ಬೆಲ್ಟನ್ನು ಕ್ಯಾಮೆರಾದ ಕಿವಿಗಳಿಗೆ, ಅಂದರೆ ಎರಡೂ ಬದಿಯ ಬೆಲ್ಟ್ ಕೊಂಡಿಗಳಿಗೆ, ಸಿಕ್ಕಿಸಿ ತೂಗಬಿಡಬೇಡಿ. ಎಲ್ಲ ಭಾರ ಮೌಂಟ್ ಮೇಲೆ ಬೀಳುತ್ತದೆ, ಅಂದರೆ ಲೆನ್ಸ್ ಕ್ಯಾಮೆರಾಕ್ಕೆ ಕೂಡುವ ಉಂಗುರದ ಮೇಲೆ. ಲೆನ್ಸಿಗೆ ಟ್ರೈಪಾಡ್ ಕಾಲರ್ ಇರುತ್ತದೆ, ಅಂದರೆ ಲೆನ್ಸ್ ಸುತ್ತ ಕೂರುವ, ಕೆಳಗೆ ಕಾಲಿರುವ ಬಳೆ. ಅದರ ಕಾಲಿಗೆ ಬೆಲ್ಟ್ ಸಿಕ್ಕಿಸಿ. ತೂಕದ ನಡುಭಾಗ ಅಲ್ಲೇ ಹತ್ತಿರ ಇರುವುದರಿಂದ ಲೆನ್ಸ್ ಸಮನಾಗಿ ತೂಗುತ್ತದೆ. ರಾಣೆಬೆನ್ನೂರಿನಲ್ಲಿ ಕೃಷ್ಣಮೃಗದ ಹಿಂದೆ ಹೋಗುವವರು, ಬಂಕಾಪುರ ಕೋಟೆಯಲ್ಲಿ ನವಿಲಿಗೆ ಕಾಯುವವರು ಯಾರನ್ನಾದರೂ ನೋಡಿ. ಉದ್ದ ಲೆನ್ಸ್ ಇದ್ದವರು ಹೀಗೇ ಒಯ್ಯುತ್ತಾರೆ.

ಕೊಪ್ಪಿಕರ್ ರಸ್ತೆ, ಹುಬ್ಬಳ್ಳಿ

ಸರಿ, ನನ್ನದು ಕ್ಯಾನನ್ 1500ಡಿ. ಬ್ಯಾಟರಿ ಸೇರಿ 475 ಗ್ರಾಂ, 18-55 ಲೆನ್ಸಿನದು ಇನ್ನೊಂದು ಇನ್ನೂರು ಗ್ರಾಂ. ಆ ತೂಕಕ್ಕೆ ನಿಯೋಪ್ರೀನ್ ಚೆನ್ನಾಗಿಯೇ ಇದೆ. 1.2 ಕಿಲೋಕ್ಕೆ ನೀವು ಹೇಳಿದ್ದು ಸರಿ ಇರಬಹುದು.

ಆದರೆ ಕೊರಳ ಬೆಲ್ಟಿಗೆ ಒಂದು ಉಪಯೋಗ ಇದೆ, ಅದನ್ನು ಬಿಟ್ಟುಬಿಡಬಾರದು. ಗುಡಿಯ ನವರಂಗದಂಥ ಕತ್ತಲ ಜಾಗದಲ್ಲಿ ಶಟರ್ ವೇಗ 1/15 ಸೆಕೆಂಡಿಗೆ ಇಳಿಯುತ್ತದೆ, ಕೈ ಅಲ್ಲಾಡಿದರೆ ಚಿತ್ರ ಮಸುಕಾಗುತ್ತದೆ. ಟ್ರೈಪಾಡ್ ಒಳಗೆ ಬಿಡುವುದಿಲ್ಲ. ಆಗ ಬೆಲ್ಟನ್ನು ಗಿಡ್ಡ ಮಾಡಿ ಕೊರಳಿಗೆ ಹಾಕಿ, ಕ್ಯಾಮೆರಾವನ್ನು ಮುಂದಕ್ಕೆ ಬಿಗಿಯಾಗಿ ಎಳೆದು ಹಿಡಿಯಿರಿ. ಮೊಣಕೈ ಪಕ್ಕೆಗೆ ಒತ್ತಿರಲಿ. ಉಸಿರು ಬಿಟ್ಟು ಕ್ಲಿಕ್ ಮಾಡಿ. ಕೈ ನಡುಕ ಎಷ್ಟೋ ಕಡಿಮೆ ಆಗುತ್ತದೆ. ಇದಕ್ಕೆ ಹಿಗ್ಗದ ಪಟ್ಟಿಯೇ ಬೇಕು ಅನ್ನುವುದನ್ನೂ ಹೇಳಿಬಿಡುತ್ತೇನೆ, ನಿಯೋಪ್ರೀನ್‌ನಲ್ಲಿ ಇದು ಸರಿಯಾಗಿ ಆಗುವುದಿಲ್ಲ.

ಬೆಟಗೇರಿ ಹುಡುಗ, ಗದಗ

ಇದು ಗೊತ್ತೇ ಇರಲಿಲ್ಲ ಅಣ್ಣಾ. ತ್ರಿಕೂಟೇಶ್ವರ ಗುಡಿಯ ಸರಸ್ವತಿ ಗುಡಿಯ ಕಂಬಗಳ ಮುಂದೆ ನಿಂತಾಗ ಪ್ರತಿ ಸಲ ಇದೇ ತೊಂದರೆ. ಅಡ್ಡ ಹಾಕುವ ಬೆಲ್ಟಿನಲ್ಲೂ ಹೀಗೆ ಮಾಡಬಹುದಾ?

ಬಂಕಾಪುರದ ನವಿಲು, ಹಾವೇರಿ

ಎರಡು ಥರ ಇವೆ, ಅಲ್ಲೇ ಉತ್ತರ ಇದೆ. ಒಂದು ಥರದ್ದು ಕ್ಯಾಮೆರಾ ಕೆಳಗಿನ ಟ್ರೈಪಾಡ್ ತೂತಿಗೆ ಸ್ಕ್ರೂ ಹಾಕಿ ತಲೆಕೆಳಗಾಗಿ ತೂಗಬಿಡುವುದು. ಕೊಕ್ಕೆ ಪಟ್ಟಿಯ ಮೇಲೆ ಜಾರುತ್ತದೆ, ಪಟ್ಟಿ ಹೆಗಲ ಮೇಲೆ ಅಲ್ಲಾಡದೆ ಇರುತ್ತದೆ. ಸೊಂಟದಿಂದ ಕಣ್ಣಿಗೆ ಎತ್ತುವುದು ಬಹಳ ಬೇಗ. ಆದರೆ ಬಿಗಿಯಾಗಿ ಎಳೆದು ಹಿಡಿಯುವ ಆಟ ಅದರಲ್ಲಿ ನಡೆಯುವುದಿಲ್ಲ.

ಇನ್ನೊಂದು, ನುಣುಪಾದ ನೈಲಾನ್ ಪಟ್ಟಿ. ಕಾರಿನ ಸೀಟ್ ಬೆಲ್ಟ್ ಥರದ ನೇಯ್ಗೆ. ಎರಡೂ ತುದಿ ಕ್ಯಾಮೆರಾಕ್ಕೆ ಸೇರುತ್ತವೆ, ಇಡೀ ಪಟ್ಟಿ ಅಂಗಿಯ ಮೇಲೆ ಜಾರುತ್ತದೆ. ಪಟ್ಟಿಯ ಮೇಲಿನ ಹಿಡಿ ಎಳೆದರೆ ಉದ್ದ, ಗಿಡ್ಡ ತಕ್ಷಣ ಆಗುತ್ತದೆ. ಅಡ್ಡವೂ ಹಾಕಬಹುದು, ಕೊರಳಿಗೂ ಹಾಕಬಹುದು. ಗುಡಿ ನೋಡುವವರಿಗೆ ನನ್ನ ಪ್ರಕಾರ ಇದೇ ಒಳ್ಳೆಯದು.

ಸಾಧನಕೇರಿ, ಧಾರವಾಡ

ನಮಸ್ಕಾರ. ಇಲ್ಲಿ ಹೇಳುತ್ತಿರುವುದೆಲ್ಲ ಅಂಗಿ ಪ್ಯಾಂಟು ಹಾಕಿದವರ ಲೆಕ್ಕ. ಸೀರೆ, ಓಢಣಿ ಇದ್ದವರ ಕಡೆಯಿಂದಲೂ ಎರಡು ಮಾತು ಸೇರಿಸುತ್ತೇನೆ.

ನುಣುಪಾದ ಪಟ್ಟಿ ರೇಷ್ಮೆ ಸೀರೆಯ ಮೇಲೆ ನಿಲ್ಲುವುದೇ ಇಲ್ಲ, ಹೆಗಲಿಂದ ಇಳಿದು ಬರುತ್ತದೆ. ಜಾರಬಾರದು ಅಂತ ಕೆಲವು ಬೆಲ್ಟಿನ ಒಳಮೈಗೆ ರಬ್ಬರ್ ಚುಕ್ಕೆ ಹಾಕಿರುತ್ತಾರೆ. ಅದು ಸೆರಗನ್ನು ಹಿಡಿದು ಎಳೆಯುತ್ತದೆ. ಒಂದೇ ಬೆಲ್ಟಿನಲ್ಲಿ ಒಂದು ಬದಿ ನುಣುಪು, ಇನ್ನೊಂದು ಬದಿ ಒರಟು ಇರುವಂಥದ್ದೂ ಸಿಗುತ್ತದೆ, ಬಟ್ಟೆ ನೋಡಿ ತಿರುಗಿಸಿಕೊಳ್ಳಬಹುದು. ನಾನು ಅದನ್ನೇ ಹುಡುಕಿ ತಗೊಂಡೆ.

ಕಸೂತಿ ಸೀರೆ ಉಟ್ಟಾಗ ಲೋಹದ ಕೊಕ್ಕೆ, ಬಾಯಿ ಬಿಟ್ಟ ರಿಂಗು, ವೆಲ್ಕ್ರೋ ಇವು ಮೂರೂ ಬೇಡ. ಕಸೂತಿಯ ಎಳೆ ಬಟ್ಟೆಯ ಮೇಲೆ ಉದ್ದುದ್ದ ಹೊಲಿಗೆಯಾಗಿ ಎದ್ದಿರುತ್ತದೆ. ಅಲ್ಲಿ ಒಂದು ಚೂರು ಚೂಪು ಸಿಕ್ಕರೆ ಸಾಕು, ಎಳೆ ಹೊರಗೆ ಬಂದು ಗೋಪುರದ ಅರ್ಧ ಚಿತ್ರವೇ ಸುಕ್ಕಾಗುತ್ತದೆ. ಬೆಲ್ಟ್ ಕೊಳ್ಳುವಾಗ ರಿಂಗಿನ ಮೇಲೆ, ಬಕಲಿನ ಅಂಚಿನ ಮೇಲೆ ಹತ್ತಿಯ ತುಂಡೊಂದನ್ನು ಸವರಿ ನೋಡಿ. ಎಳೆ ಸಿಕ್ಕಿಕೊಂಡರೆ ಅದು ಬೇಡ.

ಉದ್ದದ ಮಾತು. ಗಿಡ್ಡ ಆಳಿಗೆ ಮೆತ್ತೆ ಇರುವ ಬೆಲ್ಟ್ ಕೊಟ್ಟರೆ ಮೆತ್ತೆ ಹೆಗಲ ಮೇಲೆ ಇರುವುದೇ ಇಲ್ಲ, ಬೆನ್ನಿಗೆ ಹೋಗಿ ಕೂತಿರುತ್ತದೆ. ಹೆಗಲಿಗೆ ಬರೀ ಸಣ್ಣ ಪಟ್ಟಿ ಒತ್ತುತ್ತದೆ. ಕೊಳ್ಳುವ ಮುಂಚೆ ಮನೆಯಲ್ಲೇ ಒಂದು ಲಾಡಿ ತಗೊಂಡು ಬಲಗಡೆ ಸೊಂಟದ ಮೂಳೆಯಿಂದ ಎಡ ಹೆಗಲ ಮೇಲೆ ಹಾಯಿಸಿ, ಬೆನ್ನಿನಿಂದ ಮತ್ತೆ ಅದೇ ಸೊಂಟಕ್ಕೆ ತನ್ನಿ. ಅದನ್ನು ಟೇಪಿನಲ್ಲಿ ಅಳೆಯಿರಿ. ಬೆಲ್ಟಿನ ಪೊಟ್ಟಣದ ಮೇಲೆ ಕನಿಷ್ಠ, ಗರಿಷ್ಠ ಉದ್ದ ಬರೆದಿರುತ್ತಾರೆ. ನಿಮ್ಮ ಅಳತೆ ಅವೆರಡರ ನಡುವೆ ಬಂದರೆ ಒಳ್ಳೆಯದು. ತುದಿಗೆ ಬಂದರೆ ಸ್ವೆಟರ್ ಹಾಕಿದ ದಿನ ಸಾಲುವುದಿಲ್ಲ.

ನಾನು ಪೇಟೆಗೆ ಹೋಗುವಾಗ ಸಣ್ಣ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ ಒಯ್ಯುತ್ತೇನೆ. ಅದಕ್ಕೆ ಮಣಿಕಟ್ಟಿನ ಪಟ್ಟಿ ಸಾಕು. 400-500 ಗ್ರಾಂ ಒಳಗಿನ ಕ್ಯಾಮೆರಾಕ್ಕೆ ಇದಕ್ಕಿಂತ ಹಗುರ ಇನ್ನೊಂದಿಲ್ಲ. ನಿಮ್ಮ 1.2 ಕಿಲೋಕ್ಕೆ ಬೇಡ, ಕೈ ಸೋಲುತ್ತದೆ.

ದುರ್ಗದ ಬೈಲ್, ಹುಬ್ಬಳ್ಳಿ

ಅಕ್ಕಾರು ಲಾಡಿಯಲ್ಲಿ ಅಳೆಯುವುದನ್ನು ಚೆನ್ನಾಗಿ ಹೇಳಿದರು. ನಮ್ಮದು ಬ್ಯಾಗ್ ಹೊಲಿಯುವ, ರಿಪೇರಿ ಮಾಡುವ ಕೆಲಸ. ಪಟ್ಟಿ, ಹೊಲಿಗೆ ಬಗ್ಗೆ ನಾನು ಹೇಳುತ್ತೇನೆ.

ಅಗ್ಗದ ಬೆಲ್ಟಿನಲ್ಲಿ ಜಾಸ್ತಿ ಬರುವುದು ಪಾಲಿಪ್ರೊಪಿಲೀನ್ ಪಟ್ಟಿ. ಕೈಯಲ್ಲಿ ಹಿಡಿದರೆ ಬಿರುಸು, ಅಂಚು ಕೊರಳಿಗೆ ಕೊಯ್ಯುವ ಹಾಗೆ ಇರುತ್ತದೆ. ಬಿಸಿಲಿಗೆ ಬೇಗ ಸೋಲುತ್ತದೆ. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ನೈಲಾನ್ ಮೆತ್ತಗೆ, ಗಟ್ಟಿ, ನೆನೆದರೆ ಒಣಗುವುದಕ್ಕೆ ಸ್ವಲ್ಪ ಹೊತ್ತು ಬೇಕು. ಪಾಲಿಯೆಸ್ಟರ್ ನೀರು ಅಷ್ಟು ಹಿಡಿಯುವುದಿಲ್ಲ, ಹಿಗ್ಗುವುದೂ ಕಡಿಮೆ. ಹತ್ತಿಯದು ಮೈಗೆ ಬಹಳ ಹಿತ. ಆದರೆ ಬೆವರು ಕುಡಿಯುತ್ತದೆ, ಒಗೆಯುತ್ತಿರಬೇಕು. ತೊಗಲಿನದು ನೋಡುವುದಕ್ಕೆ ಚಂದ. ಬೆವರಿನ ಉಪ್ಪು ಕೂತು ಕೂತು ಬಿರುಸಾಗುತ್ತದೆ, ಬಣ್ಣ ಹಾಕಿದ ತೊಗಲು ಬಿಳಿ ಅಂಗಿಗೆ ಕಲೆ ಮಾಡುತ್ತದೆ. ಏಪ್ರಿಲ್, ಮೇನಲ್ಲಿ ತಿರುಗುವವರಿಗೆ ನಾನು ತೊಗಲಿನದು ಹೇಳುವುದಿಲ್ಲ.

ಹೊಲಿಗೆ ನೋಡುವುದು ಹೀಗೆ. ಪಟ್ಟಿ ಮಡಚಿ ಕೂಡಿಸಿದ ಜಾಗ ಹುಡುಕಿ. ಅಲ್ಲಿ ಚೌಕ ಹೊಲಿದು, ಚೌಕದೊಳಗೆ ಮೂಲೆಯಿಂದ ಮೂಲೆಗೆ ಗುಣಾಕಾರದ ಗುರುತು ಹೊಲಿದಿರಬೇಕು. ಬರೀ ಒಂದು ಅಡ್ಡ ಹೊಲಿಗೆ ಇದ್ದರೆ ಕೆಳಗೆ ಇಡಿ. ಮೆತ್ತೆಯ ಬಟ್ಟೆಗೆ ಪಟ್ಟಿ ಸೇರಿಸಿದ ಜಾಗ ಇನ್ನೂ ಮುಖ್ಯ. ಒಳ್ಳೆಯ ಬೆಲ್ಟಿನಲ್ಲಿ ಒಂದೇ ಪಟ್ಟಿ ಈ ತುದಿಯಿಂದ ಆ ತುದಿಯವರೆಗೆ ಹೋಗಿ, ಮೆತ್ತೆ ಅದರ ಮೇಲೆ ಕೂತಿರುತ್ತದೆ. ಹಗುರ ಮಾಲಿನಲ್ಲಿ ಪಟ್ಟಿ ಮೆತ್ತೆಯ ಅಂಚಿಗೇ ಮುಗಿಯುತ್ತದೆ. ಅಂದರೆ ನಿಮ್ಮ ಕ್ಯಾಮೆರಾ ತೂಗುತ್ತಿರುವುದು ಫೋಮ್ ಮತ್ತು ಬಟ್ಟೆಯ ಮೇಲೆ. ರಿಪೇರಿಗೆ ನಮ್ಮಲ್ಲಿ ಬರುವ ಬೆಲ್ಟುಗಳು ಬಹಳ ಮಟ್ಟಿಗೆ ಅಲ್ಲೇ ಕಿತ್ತಿರುತ್ತವೆ.

ಉಣಕಲ್ ದಂಡೆ, ಹುಬ್ಬಳ್ಳಿ

ಮದುವೆ ಫೋಟೋ ತೆಗೆಯುವವನು ನಾನು. ಎರಡು ಕ್ಯಾಮೆರಾ ಇದ್ದವರು ಎರಡೂ ಹೆಗಲಿಗೆ ಬರುವ ಹಾರ್ನೆಸ್ ಹಾಕಿಕೊಳ್ಳಿ. ಒಂದೇ ಇದ್ದವರಿಗೆ ಅದರ ಅಗತ್ಯ ಇಲ್ಲ, ಸುಮ್ನೆ ರೊಕ್ಕ ಹಾಕಬೇಡಿ.

ಸ್ಕ್ರೂ ಹಾಕುವ ಥರದ ಬೆಲ್ಟಿನ ಬಗ್ಗೆ ಒಂದು ಎಚ್ಚರಿಕೆ. ಕೆಳಗಿನ ತೂತು ಕಾಲು ಇಂಚಿನ ಸ್ಕ್ರೂದು. ನಡೆಯುವಾಗ ಕ್ಯಾಮೆರಾ ತೂಗಾಡಿ ತೂಗಾಡಿ ಅದು ನಿಧಾನವಾಗಿ ಸಡಿಲ ಆಗುತ್ತದೆ. ಜೊತೆಗಿದ್ದ ಹುಡುಗನ ಕ್ಯಾಮೆರಾ ಹೀಗೇ ಕಲ್ಯಾಣಮಂಟಪದ ಮೆಟ್ಟಿಲ ಮೇಲೆ ಬಿತ್ತು. ಲೆನ್ಸಿನ ಮುಂದಿನ ಗಾಜು ಹೋಯಿತು. ಅದಾದ ಮೇಲೆ ನಮ್ಮ ತಂಡದಲ್ಲಿ ಎಲ್ಲರೂ ಗಂಟೆಗೊಮ್ಮೆ ಬೆರಳಿನಿಂದ ತಿರುಗಿಸಿ ನೋಡುತ್ತೇವೆ. ಸ್ಕ್ರೂ ಮತ್ತು ಕ್ಯಾಮೆರಾ ನಡುವೆ ರಬ್ಬರ್ ವಾಷರ್ ಇರಲೇಬೇಕು. ಕ್ಯಾಮೆರಾದ ಕಿವಿಗೆ ಸೇರುವ ಸಣ್ಣ ಸುರಕ್ಷತಾ ದಾರವನ್ನೂ ಹಾಕಿ. ಅದು ಅಲ್ಪ ಖರ್ಚಿನದು, ಸ್ಕ್ರೂ ಕೈಕೊಟ್ಟರೂ ಕ್ಯಾಮೆರಾ ನೆಲ ಮುಟ್ಟುವುದಿಲ್ಲ.

ಜಾತ್ರೆಗೆ ಹೋಗುವವರಿಗೂ ಅಡ್ಡ ಹಾಕುವುದೇ ಸರಿ. ಶಿವರಾತ್ರಿಗೆ ಸಿದ್ಧಾರೂಢರ ತೇರಿನ ಗದ್ದಲದಲ್ಲಿ ಒಂದೇ ಹೆಗಲಿಗೆ ಸುಮ್ಮನೆ ನೇತುಹಾಕಿದ್ದನ್ನು ಯಾರು ಬೇಕಾದರೂ ಎಳೆದುಕೊಳ್ಳಬಹುದು. ದೊಡ್ಡ ಅಕ್ಷರದಲ್ಲಿ ಕಂಪನಿ ಹೆಸರು, ಮಾಡೆಲ್ ಹೆಸರು ಇರುವ ಬೆಲ್ಟ್ ಬಿಟ್ಟು ಸಾದಾ ಕಪ್ಪು ಹಾಕಿಕೊಳ್ಳಿ.

ಕಪ್ಪತಗುಡ್ಡ ಗಾಳಿ, ಮುಂಡರಗಿ

ಬೆನ್ನಿಗೆ ಚೀಲ ಇದ್ದರೆ ಮೇಲಿನ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಅಡ್ಡ ಬೆಲ್ಟ್ ಮೊದಲು ಹಾಕಿ ಅದರ ಮೇಲೆ ಚೀಲ ಹಾಕಿದರೆ ಪಟ್ಟಿ ಚೀಲದ ಕೆಳಗೆ ಸಿಕ್ಕಿ ಜಾರುವುದಿಲ್ಲ. ಚೀಲದ ಮೇಲೆ ಬೆಲ್ಟ್ ಹಾಕಿದರೆ ಚೀಲ ಇಳಿಸುವಾಗ ಪ್ರತಿ ಸಲ ಎರಡೂ ತೆಗೆಯಬೇಕು. ಗುಡ್ಡ ಹತ್ತುವಾಗ ನಾನು ಬೆಲ್ಟನ್ನೇ ಬಿಟ್ಟು, ಚೀಲದ ಹೆಗಲಪಟ್ಟಿಗೆ ಕಚ್ಚುವ ಲೋಹದ ಕ್ಲಿಪ್ ಬಳಸುತ್ತೇನೆ. ಕ್ಯಾಮೆರಾ ತಳಕ್ಕೆ ತಟ್ಟೆ ಹಾಕಿ ಅದರಲ್ಲಿ ಜಾರಿಸಿದರೆ ಕಟ್ ಅಂತ ಕೂರುತ್ತದೆ. ಎರಡೂ ಕೈ ಖಾಲಿ. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿ ಧಾಮ ಆದ ಮೇಲೆ ಎಲ್ಲಿ ಬೇಕಾದಲ್ಲಿ ಹತ್ತುವ ಹಾಗಿಲ್ಲ, ಅನುಮತಿ ಕೇಳಿಕೊಂಡೇ ಹೋಗಿ.

ಗಾಳಿಯ ವಿಷಯ ಯಾರೂ ಹೇಳಲಿಲ್ಲ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು ನಿಧಾನ ಶಟರಿನಲ್ಲಿ ತೆಗೆಯುವಾಗ ತೂಗಾಡುವ ಬೆಲ್ಟ್ ಗಾಳಿಗೆ ಪಟಪಟ ಬಡಿಯುತ್ತದೆ, ಚಿತ್ರ ಅಲ್ಲಾಡುತ್ತದೆ. ನಮ್ಮ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ ನೋಡ್ರಿ! ಅದಕ್ಕೇ ತಕ್ಷಣ ಬಿಚ್ಚುವ ಗುಂಡಿ ಇರುವ ಬೆಲ್ಟ್ ತಗೊಳ್ಳಿ. ಪೀಕ್ ಡಿಸೈನ್‌ನವರ ಆ್ಯಂಕರ್ ಗುಂಡಿಗಳು ಈ ಕೆಲಸಕ್ಕೆ ಹೆಸರಾದವು, ಒಂದೊಂದು 90 ಕಿಲೋವರೆಗೆ ತಡೆಯುತ್ತದೆ ಅಂತ ಕಂಪನಿ ಹೇಳುತ್ತದೆ. ಅವರ ಪೂರ್ತಿ ಬೆಲ್ಟ್ ದುಬಾರಿ. ಆದರೆ ಗುಂಡಿಗಳ ಸೆಟ್ ಬೇರೆಯಾಗಿಯೂ ಸಿಗುತ್ತದೆ, ಅದನ್ನು ಯಾವುದೇ ಒಳ್ಳೆಯ ಪಟ್ಟಿಗೆ ಹಾಕಿಕೊಳ್ಳಬಹುದು. ಗುಂಡಿಯ ದಾರ ಸವೆದು ಒಳಗಿನ ಬೇರೆ ಬಣ್ಣದ ಎಳೆ ಕಂಡರೆ ಬದಲಾಯಿಸಬೇಕು ಅಂತ ಅರ್ಥ. ನಕಲಿ ಗುಂಡಿಗಳು ಪೇಟೆಯಲ್ಲಿ ಇವೆ, ಅವನ್ನು ನಂಬಬೇಡಿ.

ಬೈಕಿನ ಮೇಲೆ ಮಾತ್ರ ಯಾವ ಬೆಲ್ಟೂ ಬೇಡ. ಎದೆ ಮೇಲೆ ಕ್ಯಾಮೆರಾ ಹಾಕಿಕೊಂಡು ಬಿದ್ದರೆ ಪಕ್ಕೆ ಮುರಿಯುತ್ತದೆ. ಚೀಲದೊಳಗೆ, ಬಟ್ಟೆ ಸುತ್ತಿ, ಜಿಪ್ ಹಾಕಿ.

ಬೆಟಗೇರಿ ಹುಡುಗ, ಗದಗ

ಇಷ್ಟು ವಿಷಯ ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಒಂದು ಸಂಶಯ ಉಳಿದಿದೆ. ಲಕ್ಕುಂಡಿಯ ಮುಸುಕಿನ ಬಾವಿಯಲ್ಲಿ ಮೆಟ್ಟಿಲು ಇಳಿಯುವಾಗ, ಕೆಳಗಿನ ಸಾಲಿನ ಕೆತ್ತನೆ ತೆಗೆಯಲು ಬಗ್ಗಿದಾಗ, ಅಡ್ಡ ಹಾಕಿದ ಕ್ಯಾಮೆರಾ ಮುಂದಕ್ಕೆ ಜಾರಿ ಕಲ್ಲಿಗೆ ಬಡಿಯುವುದಿಲ್ಲವಾ?

ಬಂಕಾಪುರದ ನವಿಲು, ಹಾವೇರಿ

ಬಡಿಯುತ್ತದೆ, ಒಳ್ಳೆಯದಾಯಿತು ಕೇಳಿದ್ದು. ನುಣುಪು ಪಟ್ಟಿ ಆದರೆ ಇಳಿಯುವ ಮುಂಚೆ ಹಿಡಿ ಎಳೆದು ಪೂರ್ತಿ ಗಿಡ್ಡ ಮಾಡಿ, ಕ್ಯಾಮೆರಾವನ್ನು ಬೆನ್ನ ಕಡೆಗೆ ಸರಿಸಿ. ಬಿಗಿಯಾಗಿ ಬೆನ್ನಿಗೆ ಕೂತರೆ ಬಗ್ಗಿದರೂ ಬರುವುದಿಲ್ಲ. ಸ್ಕ್ರೂ ಥರದ್ದಾದರೆ ಪಟ್ಟಿಯ ಮೇಲೆ ಕೊಕ್ಕೆಯ ಎರಡೂ ಕಡೆ ತಡೆ ಇರುತ್ತದೆ, ಅದನ್ನು ಹತ್ತಿರ ತಂದು ಬಿಗಿ ಮಾಡಿದರೆ ಕ್ಯಾಮೆರಾ ಸರಿಯುವುದಿಲ್ಲ. ತೋಳಿನ ಕೆಳಗೆ ಹಾಯುವ ಸಣ್ಣ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು. ಬಾವಿಯ ಮೆಟ್ಟಿಲಲ್ಲಂತೂ ಒಂದು ಕೈ ಗೋಡೆಗೆ, ಒಂದು ಕೈ ಕ್ಯಾಮೆರಾಕ್ಕೆ.

ಸೊಂಟದ ಮೂಳೆಯ ಹತ್ತಿರ ಕ್ಯಾಮೆರಾ ಇರಲಿ. ಅದಕ್ಕಿಂತ ಕೆಳಗೆ ತೊಡೆಯವರೆಗೆ ಬಿಟ್ಟರೆ ನಡೆಯುವಾಗ ಹೊಡೆಯುತ್ತದೆ. ನಡುನಡುವೆ ಹೆಗಲು ಬದಲಾಯಿಸಿ. ಇಷ್ಟೆಲ್ಲ ಮಾಡಿದ ಮೇಲೂ ನೋವು ಹೋಗದಿದ್ದರೆ, ಕೈಗೆ ಜೋಮು ಬಂದರೆ, ಬೆಲ್ಟ್ ಬದಲಾಯಿಸುತ್ತಾ ಕೂರಬೇಡಿ. ಡಾಕ್ಟರಿಗೆ ತೋರಿಸಿ.

ಮಾಗಡಿಗೆ ಬರುವಾಗ ಹೇಳಿ. 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಮೇಲೆ ಬರುವವರು ಜಾಸ್ತಿ ಆಗಿದ್ದಾರೆ. ಪಟ್ಟೆ ತಲೆ ಹೆಬ್ಬಾತುಗಳ ಹತ್ತಿರಕ್ಕೆ ಯಾರೂ ನುಗ್ಗಬಾರದು ಅನ್ನುವುದು ನನ್ನ ಕಳಕಳಿ. ದಂಡೆಯ ಮೇಲೆ ಒಂದೇ ಕಡೆ ಕೂತು ಕಾಯಬೇಕು. ಗಂಟೆಗಟ್ಟಲೆ ಕಾಯುವಾಗ ಕ್ಯಾಮೆರಾ ತೊಡೆಯ ಮೇಲೆ ಇರಲಿ, ಬೆಲ್ಟ್ ಮೈ ಮೇಲೆ ಸಡಿಲವಾಗಿ ಇರಲಿ ಸಾಕು. ಥಟ್ಟನೆ ಎದ್ದು ಪಟ್ಟಿ ಬಿಡಿಸಿಕೊಳ್ಳಲು ಕೈ ಬೀಸಿದರೆ ಹಿಂಡೇ ಹಾರಿ ಹೋಗುತ್ತದೆ.

ಬೆಟಗೇರಿ ಹುಡುಗ, ಗದಗ

ಹಾಗಾದರೆ ಹೀಗೆ ಮಾಡುತ್ತೇನೆ. ಈಗ ನುಣುಪಾದ ನೈಲಾನ್ ಪಟ್ಟಿ, ಸುಮಾರು 4 ಸೆಂ.ಮೀ. ಅಗಲದ್ದು, ಉದ್ದ ಗಿಡ್ಡ ಮಾಡುವ ಹಿಡಿ ಇರುವುದು. ಬಿಚ್ಚುವ ಗುಂಡಿ ಬೇರೆಯಾಗಿ. 200-500 ಬಂದ ದಿನ ಅದೇ ಪಟ್ಟಿಯನ್ನು ಕಾಲರಿಗೆ ಹಾಕಿಕೊಳ್ಳುತ್ತೇನೆ. ಬಜೆಟ್ ಸ್ವಲ್ಪ ದಾಟಿದರೂ ಪರವಾಗಿಲ್ಲ. ನನ್ನ ಕ್ಯಾಮೆರಾದ ಕಿವಿಗೆ ಪಟ್ಟಿ ಸಿಕ್ಕಿಸುವುದು ಹೇಗೆ ಅಂತಲೂ ಹೇಳಿಬಿಡಿ, ಈಗಿನ ಬೆಲ್ಟಿನ ಬಾಲ ಯಾವಾಗಲೂ ಹೊರಗೆ ಬಂದು ಕಣ್ಣಿಗೆ ಚುಚ್ಚುತ್ತದೆ.

ದುರ್ಗದ ಬೈಲ್, ಹುಬ್ಬಳ್ಳಿ

ತುದಿಯನ್ನು ಕಿವಿಯೊಳಗೆ ಹೊರಗಿನಿಂದ ತೂರಿಸಿ ವಾಪಸ್ ತನ್ನಿ. ಮೊದಲು ಪ್ಲಾಸ್ಟಿಕ್ ಬಳೆಯೊಳಗೆ ಹಾಯಿಸಿ, ಆಮೇಲೆ ಬಕಲಿಗೆ. ಬಕಲಿನಲ್ಲಿ ಬಾಲ ಹೊರಮೈಗೆ ಬರುವ ಹಾಗೆ ಹಾಕುವ ಬದಲು ಒಳಗಡೆಯಿಂದ, ಎರಡು ಪಟ್ಟಿಯ ನಡುವೆ ಸಿಕ್ಕುವ ಹಾಗೆ ಹಾಕಿ. ಬಾಲ ಅಲ್ಲೇ ಮುಚ್ಚಿ ಹೋಗುತ್ತದೆ, ಜಾರುವುದೂ ಕಡಿಮೆ. ಬಕಲ್ ದಾಟಿ ನಾಲ್ಕು ಬೆರಳಿನಷ್ಟಾದರೂ ಬಾಲ ಉಳಿಯಬೇಕು. ಆಮೇಲೆ ಕ್ಯಾಮೆರಾವನ್ನು ಹಾಸಿಗೆಯ ಮೇಲೆ, ಸ್ವಲ್ಪವೇ ಎತ್ತರದಲ್ಲಿ ಹಿಡಿದು, ಎರಡೂ ಕಡೆ ಜೋರಾಗಿ ಎಳೆದು ನೋಡಿ. ಪಟ್ಟಿ ಸರಿದರೆ ಬಿಚ್ಚಿ ಮತ್ತೆ ಹಾಕಿ.

ಬೆವರಾದರೆ ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು, ನೆರಳಲ್ಲಿ ಒಣಗಿಸಿ. ಮೆಷಿನ್‌ಗೆ ಹಾಕಬೇಡಿ.

ಉದ್ದ ಜಾಸ್ತಿ ಅನಿಸಿದರೆ ಕೂಡಲೇ ಕತ್ತರಿ ಹಾಕಬೇಡಿ. ಸ್ವೆಟರ್ ಮೇಲೆ ಒಂದು ಸಲ ಹಾಕಿ ನೋಡಿ, ಬೆನ್ನ ಚೀಲದ ಜೊತೆ ಒಂದು ಸಲ ನೋಡಿ. ಆಮೇಲೂ ಜಾಸ್ತಿ ಇದ್ದರೆ ಕತ್ತರಿಸಿ, ತುದಿಯನ್ನು ಮೇಣದಬತ್ತಿಯ ಉರಿಗೆ ಮುಟ್ಟಿಸಿ. ನೈಲಾನ್ ಕರಗಿ ಎಳೆ ಮುಚ್ಚಿಕೊಳ್ಳುತ್ತದೆ. ತಣ್ಣಗಾಗುವವರೆಗೆ ಬೆರಳಿಂದ ಒತ್ತಬೇಡಿ, ಅಂಟಿಕೊಂಡು ಸುಡುತ್ತದೆ. ಮನೆಯಲ್ಲಿ ಬೇಡ ಅನಿಸಿದರೆ ಹತ್ತಿರದ ಬ್ಯಾಗ್ ರಿಪೇರಿಯವರಿಗೆ ಕೊಡಿ, ತುದಿ ಮಡಚಿ ಹೊಲಿದು ಕೊಡುತ್ತಾರೆ.